ಮಿಸ್ತ್ರಿಯ ಉಗುರು

ಇಂಡಿ ಪಟ್ಟಣದ ನಮ್ಮ ಮನೆಯ ಗೇಟಿನೆದುರು ಊಟದ ತಾಟಿನಷ್ಟು ಅಗಲದ ಒಂದು ಎಣ್ಣೆಯ ಕಲೆಯಿದೆ. ಇದರಲ್ಲಿ ಹೇಳುವಂಥದ್ದೇನಿದೆ ಎನ್ನಬೇಡಿ, ಓದುಗ ಮಿತ್ರರೇ. ಕಲೆ ಕಂಡಲ್ಲಿಗೆ ಹಳೆಯ ಬಟ್ಟೆ ಹಿಡಿದು ಧಾವಿಸುವ, ನೆಂಟರ ಮನೆಯಲ್ಲಿ ಕೂಡ ಚಹಾದ ಬಟ್ಟಲಿನ ಅಂಚನ್ನು ಒರೆಸಿಯೇ ತುಟಿಗಿಡುವ, ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದದ್ದಕ್ಕಿಂತ ಒರೆಸಿದ್ದೇ ಹೆಚ್ಚಾದ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರ ಮನೆಯೆದುರು ಅಂಥದೊಂದು ಕಲೆ ನಾಲ್ಕು ವರ್ಷದಿಂದ ನಿಶ್ಚಿಂತೆಯಾಗಿ ಬಾಳುತ್ತಿರುವುದು ಸಾಮಾನ್ಯ ಸಂಗತಿಯಲ್ಲ. "ಅದನ್ನೊಂದ ಯಾಕ ತಿಕ್ಕವಲ್ರಿ?" ಎಂದು ಹೆಂಡತಿ ಕೇಳುತ್ತಾಳೆ. "ಅದು ಹೋಗೂದಿಲ್ಲ" ಎನ್ನುತ್ತೇನೆ. ತಿಕ್ಕಿ ನೋಡಿಲ್ಲ.

ಅಲ್ಲಿ ನನ್ನ ಹಳೆಯ ಜೀಪು ನಿಲ್ಲುತ್ತಿತ್ತು. ಅದರ ಇಂಜಿನ್ನು ಕೆಮ್ಮತೊಡಗಿದಾಗ ಝಳಕಿಯಲ್ಲಿ ಹೆದ್ದಾರಿಯ ಪಕ್ಕದ ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಚನ್ನಪ್ಪ ಮಿಸ್ತ್ರಿ ಅರವತ್ತು ದಾಟಿದವರು. ಸುತ್ತಲಿನ ಜನ ಇಂಜಿನ್ನು ಬಿಚ್ಚಿಸಲು ಅವರನ್ನೇ ಹುಡುಕಿಕೊಂಡು ಬರುತ್ತಿದ್ದುದು ಅವರ ಹೆಬ್ಬೆರಳಿನ ಉಗುರಿಗಾಗಿ. ಇಂಜಿನ್ನಿನೊಳಗೆ ಕ್ರ್ಯಾಂಕು ಎಂಬ ಮುಖ್ಯ ದಂಡ ತಿರುಗುವುದು ಬೇರಿಂಗುಗಳ ಆಸರೆಯಲ್ಲಿ. ಅರ್ಧ ಬಳೆಯಂಥ ಆ ತೆಳು ತುಂಡುಗಳು ಸವೆದಿದ್ದರೂ ಮತ್ತೆ ಹಾಕಬಹುದೇ, ಎಸೆಯಬೇಕೇ ಎಂಬುದನ್ನು ಮಿಸ್ತ್ರಿ ಕಣ್ಣು ಮುಚ್ಚಿ, ಅವುಗಳ ಒಳಮೈ ಮೇಲೆ ಉಗುರೆಳೆದು ಹೇಳುತ್ತಿದ್ದರು. ತಡೆದರೆ ಬುಟ್ಟಿಗೆ, ಜಾರಿದರೆ ಇಂಜಿನ್ನಿಗೆ.

"ಗುರುಗಳ, ಇವು ಇನ್ನೂ ಛಲೋ ಅದಾವ್ರಿ. ಎಲ್ಲಿದ್ದುವೋ ಅಲ್ಲೇ ಕುಂಡರಸಿದ್ರ ಐದ ವರ್ಷ ಓಡ್ತಾವು" ಎಂದು ಎಂಟೂ ತುಂಡುಗಳನ್ನು ಹಳೆಯ ಪತ್ರಿಕೆಯ ಮೇಲೆ ಸಾಲಾಗಿಟ್ಟು, ಕಾಯಲು ನನ್ನನ್ನು ಕೂರಿಸಿ ಊಟಕ್ಕೆ ಹೋದರು.

ಸುಮ್ಮನೆ ಕೂರುವ ವಿದ್ಯೆ ನನಗೆ ಒಲಿದಿಲ್ಲ. ಮಸಿ ಮೆತ್ತಿದ ಅವುಗಳನ್ನು ಡೀಸೆಲ್ಲಿನ ಬೋಗುಣಿಗೆ ಸುರಿದು ಫಳಫಳ ಹೊಳೆಯುವಂತೆ ಉಜ್ಜಿದೆ. ಎತ್ತಿ ಇಡುವಾಗ ಯಾವುದು ಎಲ್ಲಿತ್ತೆಂದು ತಿಳಿಯಲಿಲ್ಲ. ಪದ್ಯದ ಪದಗಳು ಹಿಂದೆಮುಂದಾದರೂ ಅನ್ವಯ ಕೆಡುವುದಿಲ್ಲವೆಂದು ಪಾಠ ಹೇಳಿದ ಧೈರ್ಯದಲ್ಲಿ ಅಂದಾಜಿನ ಮೇಲೆ ಜೋಡಿಸಿಟ್ಟೆ. ಪ್ರತಿಯೊಂದೂ ತಾನು ಕೂತ ಜಾಗಕ್ಕೆ ತಕ್ಕಂತೆ ಸವೆದಿರುತ್ತದೆ, ಇನ್ನೊಂದರ ಜಾಗಕ್ಕೆ ಅದು ಒಗ್ಗುವುದಿಲ್ಲ ಎಂಬುದು ಆಮೇಲೆ ತಿಳಿದ ವಿಷಯ. 'ಎಲ್ಲಿದ್ದುವೋ ಅಲ್ಲೇ' ಎಂಬ ಮಾತು ನನ್ನ ಕಿವಿಗೆ ಬಿದ್ದಿತ್ತೇ ಹೊರತು ತಲೆಗೆ ಹೋಗಿರಲಿಲ್ಲ. ಮರಳಿ ಬಂದ ಮಿಸ್ತ್ರಿ "ಒರಸಿಟ್ರ್ಯಾ? ಛಲೋ ಆತು" ಎಂದರು. ಆಗಲೇ ಹೇಳಬಹುದಿತ್ತು. ಮೆಚ್ಚುಗೆ ಕೆಡಿಸಿಕೊಳ್ಳಲು ಮನಸ್ಸು ಬರಲಿಲ್ಲ.

ತಿಂಗಳೊಳಗೆ ಸಿಂದಗಿಯ ದಾರಿಯಲ್ಲಿ ಇಂಜಿನ್ನು ಜಾಮಾಯಿತು. ಕ್ರ್ಯಾಂಕೂ ಹಾಳಾಗಿ ಜೀಪು ಗುಜರಿ ಪಾಲಾಯಿತು. ಬಿಚ್ಚಿ ನೋಡಿದ ಮಿಸ್ತ್ರಿ ಬಹಳ ಹೊತ್ತು ತಮ್ಮ ಹೆಬ್ಬೆರಳನ್ನೇ ನೋಡಿಕೊಂಡು, "ನನಗ ವಯಸ್ಸಾತ್ರಿ. ಉಗುರಿಗೆ ಗೊತ್ತಾಗವಲ್ದು" ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಜೀಪು ಹೋದ ದುಃಖ ಎಂದೋ ಮಾಸಿತು. ಆ ಮೌನದ ನಾಚಿಕೆ ಮಾತ್ರ ಮಾಸಿಲ್ಲ.

ಮೊನ್ನೆ ಮನಸ್ಸು ಗಟ್ಟಿ ಮಾಡಿಕೊಂಡು ಬಸ್ಸು ಹತ್ತಿ ಝಳಕಿಯಲ್ಲಿ ಇಳಿದೆ. ಮಿಸ್ತ್ರಿ ಯಾರದೋ ಟ್ರ್ಯಾಕ್ಟರಿನ ಬೇರಿಂಗುಗಳನ್ನು ಪರೀಕ್ಷಿಸದೆಯೇ ಬುಟ್ಟಿಗೆ ಹಾಕುತ್ತಿದ್ದರು. "ಈಗ ನೋಡೂದ ಬಿಟ್ಟೇನ್ರಿ. ಎಲ್ಲಾ ಹೊಸಾವ ಹಾಕತೇನಿ" ಎಂದರು. ಅಂದು ನಡೆದದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. ಬೈದರೆ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಬುಟ್ಟಿಯಿಂದ ಒಂದು ತುಂಡನ್ನು ಎತ್ತಿಕೊಂಡು, ಕಣ್ಣು ಮುಚ್ಚಿ, ಮೆಲ್ಲಗೆ ಉಗುರೆಳೆದರು.

"ಇದು ನಡೀತಿತ್ತು" ಎಂದರು. ಇನ್ನೊಂದನ್ನು ಎತ್ತಿ ನೋಡಿದರು. "ಇದೂ ನಡೀತಿತ್ತು. ನಾಕ ವರ್ಷ ಎಷ್ಟ ಛಲೋ ಸಾಮಾನ ಬುಟ್ಟಿಗೆ ಒಗದಬಿಟ್ಟೇನ್ರಿ, ಗುರುಗಳ."

ಸಂಜೆ ಮನೆಗೆ ಮರಳಿದಾಗ ಹೆಂಡತಿ ಗೇಟಿನೆದುರು ಬ್ರಷ್ಷು ಹಿಡಿದು ಕುಳಿತಿದ್ದಳು. ಕಲೆ ಅರ್ಧ ಅಳಿಸಿತ್ತು. "ಹೋಗೂದಿಲ್ಲ ಅಂತಿದ್ರಿ. ಹೋಗತೈತಿ ನೋಡ್ರಿ" ಎಂದಳು. ಉಳಿದರ್ಧ ಇರಲಿ ಎಂದು ಬ್ರಷ್ಷನ್ನು ಇಸಿದುಕೊಂಡೆ. ಯಾಕೆಂದು ಕೇಳಿದಳು. ಅವಳ ಪಕ್ಕದಲ್ಲಿ ಕುಳಿತು, ಈ ಸಲ ನಿಜವಾದ ಕಾರಣವನ್ನು ಹೇಳಿದೆ.