ಚಿಕ್ಕಮಾದಪ್ಪನ ಮೆತ್ತೆ ಚಡ್ಡಿ

ಸೈಕಲ್ಲಿನಲ್ಲಿ ಹೋಗುವವನು ಕೂತುಕೊಂಡೇ ಹೋಗುತ್ತಾನಲ್ಲ, ಕೂತವನಿಗೆ ಎಂಥ ದಣಿವು ಎಂದು ಯಾರಾದರೂ ಅಂದರೆ ಚಿಕ್ಕಮಾದಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಂದವರು ಒಬ್ಬಿಬ್ಬರಲ್ಲ. ಸತ್ತೇಗಾಲದಿಂದ ತೆಂಗಿನಕಾಯಿ ಗಾಡಿ ಹೊಡೆದುಕೊಂಡು ಬರುವವರು ಅಂದರು. ಹನೂರು ದಾರಿಯಲ್ಲಿ ಸೌದೆ ಹೊತ್ತು ಬರುವ ಹೆಂಗಸರು ಅಂದರು. ಅವರು ಅಂದದ್ದನ್ನು ಹೇಗೋ ಸಹಿಸಬಹುದಿತ್ತು, ತಲೆಯ ಮೇಲೆ ಹೊರೆ ಇತ್ತು. ಆದರೆ ಯಜಮಾನರಾದ ಶಿವರುದ್ರಸ್ವಾಮಿಯವರು ಜಗಲಿಯ ಮೇಲೆ ದಿಂಬಿಗೆ ಒರಗಿಕೊಂಡು ಅದೇ ಮಾತನ್ನು ಅಂದಾಗ, ಆ ದಿಂಬನ್ನು ಕಿತ್ತು ಕಬ್ಬಿಣದ ಮೇಲೆ ತೊಗಲು ಬಿಗಿದ ಸೈಕಲ್ ಸೀಟನ್ನು ಅಲ್ಲಿಡಬೇಕು ಅನ್ನಿಸುತ್ತಿತ್ತು.

ಎರಡನೆಯ ಮಹಾಯುದ್ಧ ಮುಗಿದು ಕೆಲವು ವರ್ಷವಾಗಿತ್ತು. ಕೊಳ್ಳೇಗಾಲ ಇನ್ನೂ ಮದರಾಸಿನವರ ಆಡಳಿತದಲ್ಲಿತ್ತು, ಆಚೆಯ ಯಳಂದೂರು ಮೈಸೂರಿನದು. ರೇಷ್ಮೆ ಹುಳುವಿಗೆ ಮಾತ್ರ ಆ ಗಡಿ ಗೊತ್ತಿರಲಿಲ್ಲ. ಶಿವರುದ್ರಸ್ವಾಮಿಯವರ ಮೊಟ್ಟೆ ಮನೆಯಲ್ಲಿ ಚಿಟ್ಟೆಗಳು ಕಾಗದದ ಹಾಳೆಗಳ ಮೇಲೆ ಸಾಸಿವೆಗಿಂತ ಸಣ್ಣ ಮೊಟ್ಟೆ ಇಡುತ್ತಿದ್ದವು. ಆ ಹಾಳೆಗಳನ್ನು ಹುಳು ಸಾಕುವವರ ಮನೆಗೆ ಮುಟ್ಟಿಸುವುದು ಚಿಕ್ಕಮಾದಪ್ಪನ ಕೆಲಸ. ಒಂದು ದಿಕ್ಕಿಗೆ ಅಗರ, ಯಳಂದೂರು. ಇನ್ನೊಂದು ದಿಕ್ಕಿಗೆ ಮಧುವನಹಳ್ಳಿ, ಕಾಮಗೆರೆ, ಹನೂರು. ಬಿಸಿಲು ತಾಕಿದರೆ ಮೊಟ್ಟೆ ಒಣಗಿಹೋಗುತ್ತದೆ. ತಡವಾದರೆ ದಾರಿಯಲ್ಲೇ ಒಡೆದು, ಇರುವೆಯಂಥ ಮರಿಗಳು ಸೊಪ್ಪು ಕಾಣದೆ ಸಾಯುತ್ತವೆ. ಒಮ್ಮೆ ಬಸ್ಸಿನಲ್ಲಿ ಕಳಿಸಿ ನೋಡಿದ್ದರು. ಇಂಜಿನ್ನಿನ ಕಾವಿಗೆ ಹಾಳೆಗಟ್ಟಲೆ ಮೊಟ್ಟೆ ಸತ್ತಿತ್ತು. ಆಮೇಲೆ ಬಂದದ್ದು ಸೈಕಲ್ಲು.

ಅವನ ವಂಶದಲ್ಲಿ ಸೈಕಲ್ ಮುಟ್ಟಿದವನು ಅವನೇ ಮೊದಲು. ಅಪ್ಪನ ಹೊಲ ಮಧುವನಹಳ್ಳಿಯಲ್ಲಿ ಅಣ್ಣಂದಿರ ಪಾಲಾಗಿತ್ತು. ಅವನು ಹೆಂಡತಿ ಪುಟ್ಟಬಸಮ್ಮನೊಂದಿಗೆ ದೇವಾಂಗಪೇಟೆಯ ಹಿಂದಿನ ಬೀದಿಯಲ್ಲಿ, ಹಗಲಿಡೀ ಮಗ್ಗದ ಸದ್ದು ಕೇಳುವ ಮನೆಯಲ್ಲಿದ್ದ. ಮೊಟ್ಟೆ ಬುಟ್ಟಿಯನ್ನು ಕ್ಯಾರಿಯರಿಗೆ ಕಟ್ಟುವಾಗ ಅವನ ಒರಟು ಬೆರಳುಗಳು ಬಾಣಂತಿ ಮನೆಯ ಮುದುಕಿಯ ಬೆರಳುಗಳಂತಾಗುತ್ತಿದ್ದವು. ದಾರಿಯಲ್ಲಿ ಬಾವಿ ಕಂಡಲ್ಲೆಲ್ಲ ಇಳಿದು ಬುಟ್ಟಿಯ ಮೇಲಿನ ಬಟ್ಟೆಯನ್ನು ನೆನೆಸುತ್ತಿದ್ದ. ಹನೂರಿನ ಜನ ಅವನ ಗಂಟೆಯ ಸದ್ದಿಗೆ ಬಾಗಿಲು ತೆರೆಯುತ್ತಿದ್ದರು. ಆ ಬಾಗಿಲು ತೆರೆಯುವ ಸದ್ದೇ ಅವನ ಮರ್ಯಾದೆ.

ಆ ಮರ್ಯಾದೆಗೆ ಕುತ್ತು ಬಂದದ್ದು ಹುಣ್ಣಿನಿಂದ. ಹನೂರು ದಾರಿ ಜಲ್ಲಿ ಕಿತ್ತ ದಾರಿ. ಕಾಮಗೆರೆ ಸಮೀಪಿಸುವ ಹೊತ್ತಿಗೆ ತೊಡೆಸಂದಿಯಲ್ಲಿ ಬೆಂಕಿ ಹತ್ತುತ್ತಿತ್ತು. ಮೊದಲು ಕೆಂಪಾಯಿತು, ಆಮೇಲೆ ಬೊಬ್ಬೆ, ಆಮೇಲೆ ಕೀವು. ಹೊಟ್ಟೆನೋವಾದರೆ ಊರಿಗೆಲ್ಲ ಹೇಳಬಹುದು, ಕಾಲು ಮುರಿದರೆ ನಾಲ್ಕು ಜನ ಬಂದು ನೋಡುತ್ತಾರೆ. ಇದನ್ನು ಯಾರಿಗೆ ಹೇಳುವುದು, ಯಾರಿಗೆ ತೋರಿಸುವುದು? ಅವನು ಇಳಿದು ಸೈಕಲ್ ತಳ್ಳಿಕೊಂಡು ನಡೆಯತೊಡಗಿದ. ಒಂದು ಸಲ ಹನೂರು ಮುಟ್ಟುವಾಗ ಬಿಸಿಲೇರಿತ್ತು. ಇನ್ನೊಂದು ಸಲ ಹುಳು ಸಾಕುವ ಕೆಂಚಯ್ಯನ ಹಾಳೆಯ ಮೇಲೆ ಆಗಲೇ ಮರಿ ಎದ್ದು ಹರಿದಾಡುತ್ತಿದ್ದವು. ಅರ್ಧ ಸತ್ತವು. ಶಿವರುದ್ರಸ್ವಾಮಿಯವರು ಕರೆಸಿದರು. ಕೂತುಕೊಂಡು ಹೋಗುವುದಕ್ಕೂ ಸೋಮಾರಿತನವೇ ಎಂದರು. ಇನ್ನೊಂದು ಸಲ ತಡವಾದರೆ ಹನೂರು ದಾರಿಯನ್ನು ಮತ್ತೆ ಬಸ್ಸಿಗೇ ಕೊಡುವುದಾಗಿ ಹೇಳಿದರು. ಬಸ್ಸಿಗೆ! ಮೊಟ್ಟೆ ಸುಟ್ಟ ಬಸ್ಸಿಗೆ ಕೊಟ್ಟಾರು, ತನ್ನನ್ನು ಮಾತ್ರ ಯಾಕೆ ತಡವಾಯಿತು ಎಂದು ಕೇಳಲಾರರು. ಕೇಳಿದ್ದರೆ ಹೇಳುತ್ತಿದ್ದನೋ ಇಲ್ಲವೋ, ಅದು ಬೇರೆ ಮಾತು. ಕೇಳಲಿಲ್ಲವಲ್ಲ ಎಂಬ ಸಿಟ್ಟು ಮನೆ ಮುಟ್ಟುವವರೆಗೂ ಅವನ ಹಲ್ಲು ಕಡಿಸಿತು.

ಬಸ್ ನಿಲ್ದಾಣದ ಹತ್ತಿರ ತಗಡಿನ ಮಾಡಿನ ಕೆಳಗೆ ಟೈಲರ್ ಗುರುಸಿದ್ದಯ್ಯನ ಮಿಷನ್ನು. ಚಿಕ್ಕಮಾದಪ್ಪ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹೋದ. ಹನೂರಿನ ಕಡೆಯ ನೆಂಟನೊಬ್ಬನಿಗೆ ಕೆಳಗೆ ಮೆತ್ತೆ ಇಟ್ಟು ಒಂದು ಚಡ್ಡಿ ಹೊಲಿಯಬೇಕಾಗಿತ್ತು ಎಂದ.

“ಅಳತೆ?” ಎಂದ ಗುರುಸಿದ್ದಯ್ಯ.

“ಅವ್ನೂ ನನ್ನಂಗೇ ಅವ್ನ. ನನ್ದೇ ತಕ.”

ಗುರುಸಿದ್ದಯ್ಯ ಅಳೆದ. ತೊಡೆಯ ಹತ್ತಿರ ಟೇಪು ತಾಗಿದಾಗ ಚಿಕ್ಕಮಾದಪ್ಪ ಹಾವು ತುಳಿದವನಂತೆ ಹಿಂದಕ್ಕೆ ನೆಗೆದ. “ನಿನ್ ನೆಂಟನಿಗ ಬಾಳಾ ನೋಯ್ತದಂತಾ?” ಎಂದು ಕೇಳಿದ ಗುರುಸಿದ್ದಯ್ಯ. ನಗಲಿಲ್ಲ. ಆ ಬೀದಿಯಲ್ಲಿ ಬೇರೆ ಯಾರೇ ಆಗಿದ್ದರೂ ನಗುತ್ತಿದ್ದರು.

ಮೊದಲ ಚಡ್ಡಿಗೆ ಬೂರುಗದ ಹತ್ತಿ ತುಂಬಿದರು. ಅಂಗಡಿಯ ಬೆಂಚಿನ ಮೇಲೆ ಕೂತರೆ ಪಲ್ಲಕ್ಕಿಯ ಸುಖ. ಆದರೆ ಬೆವರು ಕುಡಿದ ಹತ್ತಿ ಮಧುವನಹಳ್ಳಿ ದಾಟುವಷ್ಟರಲ್ಲಿ ಗಂಟುಗಂಟಾಗಿ, ಹುಣಸೆ ಬೀಜದ ಚೀಲದ ಮೇಲೆ ಕೂತ ಹಾಗಾಯಿತು. ಎರಡನೆಯದಕ್ಕೆ ಕಂಬಳಿಯ ತುಂಡು ಇಟ್ಟರು. ಗಂಟಾಗಲಿಲ್ಲ, ಆದರೆ ಕಾವು ಹೆಚ್ಚಿ ಚುಚ್ಚತೊಡಗಿತು. ಮೂರನೆಯ ಸಲ ಗುರುಸಿದ್ದಯ್ಯ ಬಹಳ ಹೊತ್ತು ಯೋಚಿಸಿದ. ಹೊಸ ಬಟ್ಟೆ ಬೇಡ, ಒಗೆದು ಒಗೆದು ಸವೆದ ಸೀರೆ ತಾ ಎಂದ. ಪುಟ್ಟಬಸಮ್ಮನ ಹಳೆಯ ನೂಲು ಸೀರೆಯನ್ನು ನಾಲ್ಕು ಪದರ ಮಡಿಸಿ, ಒತ್ತಾಗಿ ಹೊಲಿಗೆ ಓಡಿಸಿದ. ಚಡ್ಡಿಯ ನಡುವೆ ಬರುವ ಹೊಲಿಗೆಯನ್ನು ತೆಗೆದು ಅಲ್ಲಿ ಒಂದೇ ಇಡೀ ತುಂಡು ಕೊಟ್ಟು, ಜೋಡಣೆಗಳನ್ನೆಲ್ಲ ಪಕ್ಕಕ್ಕೆ ಸರಿಸಿದ. ಸಡಿಲವೂ ಅಲ್ಲ, ಬಿಗಿಯೂ ಅಲ್ಲ. ಚಿಕ್ಕಮಾದಪ್ಪ ತೊಟ್ಟು, ಬಗ್ಗಿ, ಎದ್ದು, ಕೂತು ನೋಡಿದ. ಮಗುವಿನ ಕೆನ್ನೆ ತಾಗಿದಷ್ಟು ಮೆತ್ತಗಿತ್ತು.

ಮರುದಿನ ಅಗರಕ್ಕೆ ಹೋಗಿಬಂದಾಗ ಮತ್ತೆ ರಕ್ತ.

ಅಂದು ಅವನ ಸಿಟ್ಟು ಕಟ್ಟೆಯೊಡೆಯಿತು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ನೋಡಲಿಲ್ಲ. ಒಗೆಯದ ಚಡ್ಡಿಯನ್ನು ಮಿಷನ್ನಿನ ಮೇಲೆ ಎಸೆದ. ಮೂರು ಸಲ ಹೊಲಿದು ಮೂರು ಸಲ ಸುಲಿದೆ, ನಿನಗೆ ಕತ್ತರಿ ಕೊಟ್ಟವನು ಯಾರು ಎಂದು ಕೂಗಾಡಿದ. ಗುರುಸಿದ್ದಯ್ಯನ ಮುಖ ಕಪ್ಪಿಟ್ಟಿತು. ಅವನು ಚಡ್ಡಿಯನ್ನು ಒಳಮೈ ಮೇಲೆ ಮಾಡಿ ಎರಡೂ ಕೈಯಿಂದ ಸವರಿ ನೋಡಿ, ತಿರುಗಿ ಚಿಕ್ಕಮಾದಪ್ಪನ ಕೈಗಿಟ್ಟ.

“ನನ್ ಹೊಲಿಗೆ ನಿನ್ನ ಕಚ್ಚಿಲ್ಲ ಕಣಯ್ಯ. ಇನ್ನೇನೋ ಕಚ್ತಾ ಅದ. ಅದೇನು ಅಂತ ಮನೇಗ್ ಓಗಿ ನೋಡ್ಕ. ನನ್ ಅಂಗ್ಡಿ ಮುಂದ ಕೂಗ್ಬ್ಯಾಡ.”

ನೋಡಿದವಳು ಪುಟ್ಟಬಸಮ್ಮ. ಹಿತ್ತಲ ಕಲ್ಲಿನ ಮೇಲೆ ಗಂಡನ ಬಟ್ಟೆ ಒಗೆಯಲು ಕೂತವಳು, ಸೋಪು ಹಚ್ಚುವ ಮೊದಲೇ ಕೈ ನಿಲ್ಲಿಸಿದಳು. ಆಮೇಲೆ ಒದ್ದೆ ಬಟ್ಟೆಗಳನ್ನು ಹಿಡಿದುಕೊಂಡೇ ಒಳಗೆ ಬಂದಳು. ಚಿಕ್ಕಮಾದಪ್ಪ ಹರಳೆಣ್ಣೆ ಸವರಿಕೊಂಡು ಚಾಪೆಯ ಮೇಲೆ ಬೋರಲು ಮಲಗಿದ್ದ.

“ನೋಡಿ ಇಲ್ಲಿ. ಚಡ್ಡಿ ಒಳಗ ಒಂದ್ ಚುಕ್ಕಿ ಇಲ್ಲ. ರಕ್ತ ಎಲ್ಲಾ ಇದ್ರಲ್ಲೇ ಅದ.”

ಅವಳ ಕೈಯಲ್ಲಿದ್ದದ್ದು ಅವನ ಲಂಗೋಟಿ.

ಅವಳು ಅದರ ಎರಡು ತುದಿ ಅಗಲವಾಗಿ ಹಿಡಿದು, ಪೆಡಲು ತುಳಿಯುವ ಹಾಗೆ ಒಂದು ಕೈ ಮೇಲೆ ಒಂದು ಕೈ ಕೆಳಗೆ ಆಡಿಸಿದಳು. ಗೇಣಗಲದ ಬಟ್ಟೆ ನೋಡುನೋಡುತ್ತ ಸುತ್ತಿಕೊಂಡು ಹುರಿಯಾಯಿತು. ಹುರಿ ಬಿಗಿದು ಹಗ್ಗವಾಯಿತು. ಹನೂರು ದಾರಿಯುದ್ದಕ್ಕೂ ಈ ಹಗ್ಗದ ಮೇಲೆ ಕೂತು ಹೋಗುತ್ತಿದ್ದೀರಿ, ಹಗ್ಗದ ಕೆಳಗೆ ಎಷ್ಟು ಮೆತ್ತೆ ಇಟ್ಟರೇನು ಎಂದಳು. ಇದನ್ನು ಬಿಚ್ಚಿಟ್ಟು, ಬರಿಯ ಮೈಗೆ ಚಡ್ಡಿ ತೊಟ್ಟು ಹೋಗಿ ಎಂದಳು.

ಅವನು ಎದ್ದು ಕೂತ; ನೋವಿಗೆ ಮತ್ತೆ ಮಲಗಿದ. ಏಳೆಂಟು ವರ್ಷದ ಹುಡುಗನಾಗಿದ್ದಾಗ ಅಪ್ಪ ಉಡಿದಾರ ಕಟ್ಟಿ, ಲಂಗೋಟಿ ಸಿಕ್ಕಿಸಿ, ಇವತ್ತಿಂದ ನೀನು ಗಂಡಸು ಎಂದಿದ್ದ. ಅಂದಿನಿಂದ ಅದಿಲ್ಲದೆ ಅವನು ಹೊಸ್ತಿಲು ದಾಟಿದವನಲ್ಲ. ಹೆಂಡತಿಯಾದವಳು ಬಾಯಿಬಿಟ್ಟು ಇಂಥ ಮಾತು ಹೇಳುವುದೇ?

“ಲಂಗೋಟಿ ಇಲ್ದೆ ನಾಕು ಊರು ಸುತ್ತು ಅಂತೀಯಲ್ಲ ಅಮ್ಮಿ, ನಾನೇನು ಅಂಬೆಗಾಲಿಕ್ಕೋ ಕೂಸಾ?”

“ಊರೋರ್ಗ ತೋರ್ಸ್‌ಕಂಡ್ ಓಯ್ತೀರಾ? ಒಂದ್ ಪದರ ಮುಚ್ಚೋದ ನಾಕ್ ಪದರ ಮುಚ್ಚಲ್ವಾ? ಮ್ಯಾಲ ಪಂಚೆ ಬ್ಯಾರೆ ಉಟ್ಕತೀರಿ. ಯಾವ ಪುಣ್ಯಾತ್ಮ ಬಂದು ಎತ್ತಿ ನೋಡ್ತಾನ?”

ಅವನು ಅಂದು ಅವಳು ಬಡಿಸಿದ ಮುದ್ದೆ ಮುಟ್ಟಲಿಲ್ಲ. ಆದರೆ ಮಾರನೆಯ ಮುಂಜಾವಿಗೆ ಹನೂರಿನ ಕೆಂಚಯ್ಯನ ಹಾಳೆಗಳು ಹೊರಡಬೇಕಿತ್ತು. ತಡವಾದರೆ ಆ ದಾರಿ ತನ್ನದಲ್ಲ. ಬೆಳಕು ಹರಿಯುವ ಮೊದಲು ಎದ್ದು, ಗೋಡೆಯ ಕಡೆ ತಿರುಗಿ ನಿಂತು ಲಂಗೋಟಿ ಬಿಚ್ಚಿದ. ಉಡಿದಾರವನ್ನು ಮಾತ್ರ ಬಿಟ್ಟುಕೊಂಡ. ಚಡ್ಡಿ ಏರಿಸಿ, ಅದರ ಮೇಲೆ ಪಂಚೆಯನ್ನು ಎಂದಿಗಿಂತ ಬಿಗಿಯಾಗಿ ಕಚ್ಚೆ ಹಾಕಿಕೊಂಡು, ಹೆಂಡತಿಯ ಮುಖ ನೋಡದೆ ಹೊರಟ.

ಮಧುವನಹಳ್ಳಿಯ ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದ ಹೆಂಗಸರು ಏನೋ ಹೇಳಿ ನಕ್ಕರು. ತನ್ನನ್ನೇ ಕುರಿತು ಎಂದು ಅವನ ಕಿವಿ ಬಿಸಿಯಾಯಿತು. ಎದುರಿಗೆ ಬಂದ ಗಾಡಿಯವನು ದಿಟ್ಟಿಸಿದಾಗ ಪಂಚೆ ಮುಟ್ಟಿ ನೋಡಿಕೊಂಡ. ಪುಟ್ಟಬಸಮ್ಮನನ್ನು, ಗುರುಸಿದ್ದಯ್ಯನನ್ನು, ಸೈಕಲ್ ಕಂಡುಹಿಡಿದವನನ್ನು ಸರದಿಯಂತೆ ಬೈಯುತ್ತ ತುಳಿದ. ಬೈಗುಳ ಮುಗಿದ ಮೇಲೆ ತಲೆಯೆತ್ತಿದರೆ ಕಾಮಗೆರೆ ಹಿಂದಾಗಿತ್ತು. ಎಲ್ಲಿಯೂ ಇಳಿದಿರಲಿಲ್ಲ. ಸೀಟಿನಿಂದ ಮೈ ಎತ್ತಿ ನಿಂತು ತುಳಿದಿರಲೂ ಇಲ್ಲ. ಮೂಡಲ ಬೆಟ್ಟದ ಅಂಚು ಆಗಷ್ಟೇ ಕೆಂಪಾಗುತ್ತಿತ್ತು. ದಾರಿಬದಿಯ ಹೊಲದಿಂದ ರಾಗಿ ಪೈರಿನ ತಣ್ಣನೆಯ ವಾಸನೆ ಬಂತು. ಅಷ್ಟು ದಿನ ಆ ದಾರಿಯಲ್ಲಿ ಹೋಗಿಯೂ ಅವನು ಆ ವಾಸನೆಯನ್ನು ಗಮನಿಸಿರಲಿಲ್ಲ.

ಹನೂರಿನಲ್ಲಿ ಗಂಟೆ ಬಾರಿಸಿದಾಗ ಕೆಂಚಯ್ಯ ಬೇವಿನಕಡ್ಡಿ ಕಚ್ಚಿಕೊಂಡು ಬಾಗಿಲು ತೆರೆದ. ಹಾಳೆ ಬಿಚ್ಚಿ ನೋಡಿದ. ಮೊಟ್ಟೆ ಇನ್ನೂ ನೀಲಿಗೆ ತಿರುಗಿರಲಿಲ್ಲ; ಒಡೆಯಲು ಸಾಕಷ್ಟು ಹೊತ್ತಿತ್ತು. ಸಂತೋಷದಿಂದ ಅವನ ಬೆನ್ನು ತಟ್ಟಿದ.

“ಇವತ್ತು ಹುಣಸೇಮರದಡಿ ಮಲಗ್ನಿಲ್ವಾ ಮಾದಪ್ಪ?”

ಯಾವ ಹುಣಸೇಮರ ಎಂದು ಚಿಕ್ಕಮಾದಪ್ಪನಿಗೆ ಅರ್ಥವಾಗಲಿಲ್ಲ. ಕೆಂಚಯ್ಯ ಕೆಟ್ಟ ಮನಸ್ಸಿನವನಲ್ಲ, ತಮಾಷೆಯಾಗಿಯೇ ಹೇಳಿದ. ಮೊಟ್ಟೆ ತಡವಾಗುವುದು ಯಾಕೆಂದು ಕೇಳಿದ್ದಕ್ಕೆ ಶಿವರುದ್ರಸ್ವಾಮಿಯವರು, ಅವನು ಕಾಮಗೆರೆ ಹತ್ತಿರ ಹುಣಸೇಮರದ ನೆರಳಲ್ಲಿ ಬುಟ್ಟಿ ಇಳಿಸಿ ನಿದ್ದೆ ತೆಗೆಯುತ್ತಾನೆ ಎಂದಿದ್ದರಂತೆ. ಹನೂರಿಗೆಲ್ಲ ಗೊತ್ತಂತೆ.

ಕೆಂಚಯ್ಯ ಕೊಟ್ಟ ಮಜ್ಜಿಗೆಯನ್ನು ಚಿಕ್ಕಮಾದಪ್ಪ ಕೆಳಗಿಟ್ಟ. ಕೀವು ಸುರಿಯುವ ತೊಡೆ ಎಳೆದುಕೊಂಡು, ತಲೆಯ ಟವೆಲ್ಲನ್ನು ತೆಗೆದು ಮೊಟ್ಟೆಗೆ ಹೊದಿಸಿ, ಬರಿದಲೆಯಲ್ಲಿ ಬಿಸಿಲು ಉಂಡು ನಡೆದವನು ತಾನು. ಆ ಹೊತ್ತಿನಲ್ಲಿ ಇಲ್ಲಿ ಬಾಗಿಲು ಬಾಗಿಲಿಗೆ ತನ್ನ ನಿದ್ದೆಯ ಕಥೆ!

ಊರಿಗೆ ಮರಳಿದವನು ಮೊದಲು ಗುರುಸಿದ್ದಯ್ಯನ ಅಂಗಡಿಗೆ ಹೋದ. ತಪ್ಪಾಯಿತು ಅನ್ನಲು ನಾಲಿಗೆ ಬರಲಿಲ್ಲ. ಇನ್ನೊಂದು ಹಳೆಯ ಸೀರೆಯನ್ನು ಬೆಂಚಿನ ಮೇಲಿಟ್ಟು, ಅಂಥದೇ ಇನ್ನೊಂದು ಬೇಕು, ನಿನ್ನ ಹೊಲಿಗೆ ಸರಿಯಾಗಿದೆ ಎಂದ. ಗುರುಸಿದ್ದಯ್ಯ ಅಳತೆ ತೆಗೆದ. ಟೇಪನ್ನು ಬೇಕಾದ್ದಕ್ಕಿಂತ ಸ್ವಲ್ಪ ಬಿಗಿಯಾಗಿಯೇ ಎಳೆದ.

ಆ ವಾರದ ಸಂತೆಗೆ ಕೆಂಚಯ್ಯನೂ ಹನೂರಿನ ಇನ್ನು ಕೆಲವರೂ ಬಂದವರು, ಮುಂದಿನ ಬೆಳೆಯ ಮೊಟ್ಟೆ ಗೊತ್ತುಮಾಡಲು ಸಂಜೆ ಶಿವರುದ್ರಸ್ವಾಮಿಯವರ ಜಗಲಿಯಲ್ಲಿ ಸೇರಿದ್ದರು. ಅಗರಕ್ಕೆ ಹೋಗಬೇಕಾದ ಬುಟ್ಟಿ ಸಿದ್ಧವಿತ್ತು. ಯಜಮಾನರು ಚಿಕ್ಕಮಾದಪ್ಪನನ್ನು ತೋರಿಸಿ, ತಾವು ಒಂದು ಸಲ ಗದರಿದ್ದೇ ಸಾಕಾಯಿತು, ಈಗ ಕುದುರೆಯ ಹಾಗೆ ಓಡುತ್ತಾನೆ, ಹನೂರು ದಾರಿ ಅವನಿಗೇ ಇರಲಿ ಎಂದು ದೊಡ್ಡ ಮನಸ್ಸು ತೋರಿದರು.

ಚಿಕ್ಕಮಾದಪ್ಪ ಬುಟ್ಟಿ ಕಟ್ಟುವುದನ್ನು ನಿಲ್ಲಿಸಿ ಜಗಲಿಯ ಮುಂದೆ ಬಂದು ನಿಂತ.

“ಸ್ವಾಮಿ, ನಾನು ಹುಣಸೇಮರದಡಿ ಮಲಗಿದ್ದ ನೀವ್ ಕಂಡ್ರಾ?”

ಅವರು ಅದೇನೋ ಲೋಕರೂಢಿಯ ಮಾತು ಎಂದು ಕೈಯಾಡಿಸಿದರು. ಹೊತ್ತಾಯಿತು, ಅಗರಕ್ಕೆ ಹೊರಡು ಎಂದರು.

“ಒರಡ್ತೀನಿ. ನನ್ ಕುಂಡಿ ಹುಣ್ಣಾಗಿತ್ತು ಸ್ವಾಮಿ. ತೊಡೆಸಂದೀಲಿ ಕೀವು ತುಂಬ್ಕಂಡಿತ್ತು. ಕೂರಕ್ಕಾಗ್ದೆ ಕಾಮಗೆರೆಯಿಂದ ನಡ್ಕಂಡು ಓದೆ. ಮೆತ್ತೆ ಇಟ್ಟು ಚಡ್ಡಿ ಹೊಲ್ಸ್‌ಕಂಡು, ಲಂಗೋಟಿ ಬಿಚ್ಚಿ ಮನೇಲಿಟ್ಟು ಈಗ ಕೂತ್ಕಂಡ್ ಓಯ್ತಾ ಇವ್ನಿ. ನೀವ್ ಗದರಿದ್ದಕ್ಕಲ್ಲ.”

ಯಾರೋ ಕಿಸಕ್ಕೆಂದರು. ಇಡೀ ಜಗಲಿ ನಕ್ಕಿತು. ಈಗಲೂ ಇಲ್ಲವೇನಯ್ಯಾ ಎಂದು ಒಬ್ಬ ಅವನ ಪಂಚೆಯ ಕಡೆ ಕೈ ಮಾಡಿದ. ಚಿಕ್ಕಮಾದಪ್ಪನ ಮುಖಕ್ಕೆ ರಕ್ತ ನುಗ್ಗಿತು. ಯಾವ ನಗುವಿಗೆ ಹೆದರಿ ಇಷ್ಟು ದಿನ ಬಾಯಿ ಮುಚ್ಚಿಕೊಂಡು ನಡೆದಿದ್ದನೋ ಆ ನಗು ಇದೇ. ಅವನು ಅಲುಗದೆ ನಿಂತು, ಅದು ಮುಗಿಯುವವರೆಗೆ ಕಾದ.

“ನಗೋರು ನಗ್ಲಿ. ಹುಣ್ಣಾಗಿದ್ದು ನಿಜ. ಮಲಗಿದ್ದು ಸುಳ್ಳು. ಅದು ಸುಳ್ಳು ಅಂತ ಇವ್ರ್ ಮುಂದ ನೀವೇ ಏಳ್ಬೇಕು. ಏಳೋಗಂಟ ಬುಟ್ಟಿ ಇಲ್ಲೇ ಇರ್ತದ.”

ಶಿವರುದ್ರಸ್ವಾಮಿಯವರು ಕೆರಳಿದರು. ಸೈಕಲ್ ಇಲ್ಲದಿದ್ದರೆ ಬಸ್ಸಿದೆ ಎಂದರು. ಆಗ ಕೆಂಚಯ್ಯ, ನಗುತ್ತಿದ್ದವನು, ನಗು ನಿಲ್ಲಿಸಿ ಬಾಯಿ ಒರೆಸಿಕೊಂಡ. ಬಸ್ಸಿನಲ್ಲಿ ಬೆಂದ ಮೊಟ್ಟೆ ತನಗೆ ಬೇಡ ಎಂದು ಮೆಲ್ಲಗೆ ಹೇಳಿದ. ಉಳಿದವರು ತಲೆಯಾಡಿಸಿದರು. ಹೊತ್ತು ಜಾರುತ್ತಿತ್ತು. ಬುಟ್ಟಿಯ ಮೇಲಿನ ಬಟ್ಟೆ ಒಣಗತೊಡಗಿದ್ದನ್ನು ಯಜಮಾನರೂ ಕಂಡರು, ಚಿಕ್ಕಮಾದಪ್ಪನೂ ಕಂಡ. ಅವನ ಬೆರಳು ತುಡಿದವು. ಆದರೂ ಅವನು ಅತ್ತ ಹೋಗಲಿಲ್ಲ.

“ಅವನು ಮಲಗಿರಲಿಲ್ಲ ಕಣ್ರಪ್ಪ,” ಎಂದರು ಶಿವರುದ್ರಸ್ವಾಮಿಯವರು, ಬೀದಿಯ ಕಡೆ ನೋಡುತ್ತ. “ನಾನು ನೋಡದೆ ಅಂದೆ.”

ಚಿಕ್ಕಮಾದಪ್ಪ ಬಟ್ಟೆ ನೆನೆಸಿ, ಬುಟ್ಟಿ ಕಟ್ಟಿ ಹೊರಟ. ಬೆನ್ನ ಹಿಂದೆ ಮತ್ತೆ ನಗು ಎದ್ದಿತು. ಪೇಟೆ ದಾಟಿ ಯಳಂದೂರು ದಾರಿಗೆ ಬಿದ್ದರೂ ಅವನ ಸಿಟ್ಟು ಇಳಿಯಲಿಲ್ಲ. ಹೇಳಬೇಕಾಗಿದ್ದ ಇನ್ನೆಷ್ಟೋ ಮಾತುಗಳು ಈಗ ಒಂದೊಂದಾಗಿ ನೆನಪಿಗೆ ಬರುತ್ತಿದ್ದವು. ಎರಡೂ ಕಡೆಯ ಗದ್ದೆಗಳಿಗೆ ಕೇಳುವಂತೆ ಅವುಗಳನ್ನು ಗಟ್ಟಿಯಾಗಿ ಹೇಳುತ್ತ, ಅಗರದ ದೀಪಗಳು ಕಾಣುವವರೆಗೂ ಅವನು ಒಂದೇ ಸಮನೆ ತುಳಿದ.