ಕುಂಕುಮದ ಮೇಲೆ ಹೊರಿಸಿದ್ದು

ಸರೋಜಮ್ಮ, ಆ ಡಿಸ್ಕ್ ಅಳಿಸಿದವನು ನಾನು. ನಿಮ್ಮ ಕುಂಕುಮವಲ್ಲ, ನಿಮ್ಮ ಕೈಗುಣವಲ್ಲ — ನಾನು. ಇಷ್ಟು ಹೇಳುವುದಕ್ಕೆ ತಲೆಯೆಲ್ಲ ನರೆಯಬೇಕಾಯಿತು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ತುಮಕೂರಿನ ನಮ್ಮ ತೆಂಗು ಬೆಳೆಗಾರರ ಸಂಘಕ್ಕೆ ಯುನಿಕ್ಸ್ ಕಂಪ್ಯೂಟರ್ ಬಂದಿತ್ತು. ಅದನ್ನು ನೋಡಿಕೊಳ್ಳುವವನು ನಾನು, ಅದಕ್ಕೆ ಟೈಪ್ ಮಾಡುವವರು ನೀವು. ಗುಬ್ಬಿ, ಕುಣಿಗಲ್ ಕಡೆಯ ಒಂದೊಂದು ತೋಟವನ್ನೂ ನೀವೇ ತುಂಬಿದಿರಿ — ಯಾರ ತೋಟ, ಎಷ್ಟು ಮರ, ಯಾವ ರೋಗ. ಗಂಡ ತೀರಿಕೊಂಡ ಮೇಲೆ ನಿಟ್ಟೂರಿನಿಂದ ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದಿರಿ. ಮಗಳ ಓದು, ಮನೆಯ ಅಕ್ಕಿ ಬೇಳೆ, ಎಲ್ಲವೂ ಆ ಕೆಲಸದ ಮೇಲೆಯೇ. ಹುಲಿಯೂರುದುರ್ಗದ ಯಾವುದೋ ಹೆಸರು ಮತ್ತೆ ಬಂದರೆ, "ಈ ಯಪ್ಪ ಎರಡೆರಡು ಸಲ ಬರ್ಸವ್ನೆ ನೋಡಿ" ಎಂದು ನಗುತ್ತಿದ್ದಿರಿ.

ಆ ವರ್ಷದ ಆಯುಧಪೂಜೆಯಲ್ಲಿ ಜೀಪಿಗೆ ಡ್ರೈವರು, ಟೈಪ್‌ರೈಟರಿಗೆ ಟೈಪಿಸ್ಟು ಪೂಜೆ ಮಾಡಿದರು. ಕಂಪ್ಯೂಟರಿಗೆ ನೀವೇ ಮಾಡಬೇಕು ಎಂದು ಹಟ ಹಿಡಿದವನು ನಾನು.

"ಬ್ಯಾಡಿ ಶಿವಣ್ಣ, ನನ್ನಂಥೋಳು ಮಾಡ್ಬಾರ್ದು."

"ಮೆಷಿನ್‌ಗೆ ಅದೆಲ್ಲ ಗೊತ್ತಾಗಲ್ಲ ಸರೋಜಮ್ಮ, ಇಡ್ರೀ ಕುಂಕುಮ" ಎಂದು ಇಡೀ ಆಫೀಸಿಗೆ ಕೇಳುವ ಹಾಗೆ ಹೇಳಿದೆ. ನಾನೇನೋ ದೊಡ್ಡ ಸುಧಾರಕ! ನೀವು ಒಂದು ಹೆಜ್ಜೆ ಹಿಂದೆ ಸರಿದಿರಿ. ಆದರೂ ಡಿಸ್ಕಿನ ಡಬ್ಬಿಗೆ ಕುಂಕುಮ ಇಟ್ಟಿರಿ, ಸೇವಂತಿಗೆ ಏರಿಸಿದಿರಿ. ಆಮೇಲೆ ಮುಖ ಅರಳಿಸಿ ನಕ್ಕಿರಲ್ಲ, ಆ ನಗು — ಬೇಡ, ಅದರ ಮಾತೆತ್ತುವ ಯೋಗ್ಯತೆ ನನಗಿಲ್ಲ.

ಹಬ್ಬ ಕಳೆದು ಆಫೀಸು ತೆರೆಯಿತು. ತೋಟಗಳ ಮಾಹಿತಿಯಿದ್ದ ಡಿಸ್ಕ್ ತುಂಬುತ್ತ ಬಂದಿತ್ತು, ಬೆಂಗಳೂರಿನಿಂದ ದೊಡ್ಡದೊಂದು ತರಿಸಿದ್ದರು. ಹಳೆಯದರಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೊಸದಕ್ಕೆ ನಕಲು ಮಾಡಬೇಕಿತ್ತು. ಅದಕ್ಕೊಂದು ಕಮಾಂಡ್ — ಎಲ್ಲಿಂದ, ಎಲ್ಲಿಗೆ ಎಂದು ಎರಡು ಡಿಸ್ಕಿನ ಹೆಸರು ಕೊಟ್ಟರೆ ಮುಗಿಯಿತು. ಆ ಎರಡು ಹೆಸರುಗಳಿಗೆ ಒಂದೇ ಅಂಕಿಯ ವ್ಯತ್ಯಾಸ. ನಾನು ತಿರುವುಮುರುವು ಕೊಟ್ಟೆ. ಯುನಿಕ್ಸ್ ಮರುಪ್ರಶ್ನೆ ಕೇಳುವುದಿಲ್ಲ, ಹೇಳಿದ್ದನ್ನು ಮಾಡುತ್ತದೆ. ಡಿಸ್ಕಿನ ದೀಪ ಮಿನುಗುವುದನ್ನು ನೋಡಿ ಕೆಲಸ ಸಾಗುತ್ತಿದೆ ಎಂದು ಕಾಫಿಗೆ ಹೋದೆ. ಬಂದು ನೋಡಿದರೆ ಎರಡೂ ಡಿಸ್ಕ್ ಖಾಲಿ. ಹಾಡು ತುಂಬಿದ ಕ್ಯಾಸೆಟ್ಟಿನ ಮೇಲೆ ಖಾಲಿ ಕ್ಯಾಸೆಟ್ಟು ರೆಕಾರ್ಡ್ ಮಾಡಿದ ಹಾಗೆ, ನಿಮ್ಮ ಒಂದು ವರ್ಷದ ದುಡಿಮೆಯ ಮೇಲೆ ಏನೂ ಇಲ್ಲದ ಡಿಸ್ಕನ್ನು ನಕಲು ಮಾಡಿಬಿಟ್ಟಿದ್ದೆ. ಬೇರೆ ಪ್ರತಿ ಇರಲಿಲ್ಲ. ತೆಗೆದಿಡಬೇಕಾದವನೂ ನಾನೇ; ನಾಳೆ, ನಾಡಿದ್ದು ಎಂದು ತಳ್ಳುತ್ತ ಬಂದಿದ್ದೆ.

ಕಾರ್ಯದರ್ಶಿಗಳು ಬಂದು "ಏನಾಯ್ತ್ರೀ?" ಎಂದರು. ನನ್ನ ಕಮಾಂಡ್ ಇನ್ನೂ ತೆರೆಯ ಮೇಲೆಯೇ ಇತ್ತು. ಅದನ್ನು ಓದಿ ತಿಳಿಯಬಲ್ಲವನು ಆ ಕೋಣೆಯಲ್ಲಿ ನಾನೊಬ್ಬನೇ. ತೋರಿಸಬಹುದಿತ್ತು. ಬಾಯಿಂದ ಬಂದದ್ದು —

"ಪೂಜೆ ಮಾಡಿದ್ರಲ್ಲ ಸರ್, ಕುಂಕುಮ ಒಳಕ್ಕೆ ಹೋಗಿರ್ಬೇಕು."

ಆ ಡಬ್ಬಿ ಬಿಗಿಯಾಗಿ ಮುಚ್ಚಿದ್ದು. ಚಿಟಿಕೆ ಕುಂಕುಮ ಒಳಗೆ ಹೋಗಲು ದಾರಿಯಿಲ್ಲ. ಗೊತ್ತಿದ್ದೇ ಹೇಳಿದೆ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಅಂತಾರಲ್ಲ — ಆ ಕೋತಿಗಾದರೂ ಹಸಿವಿತ್ತು. ನನಗಿದ್ದದ್ದು ಬರೀ ಹೆದರಿಕೆ. ಕೆಲಸ ಹೋದೀತೆಂದು, ಅದಕ್ಕಿಂತ ಹೆಚ್ಚಾಗಿ ಜಾಣ ಎನ್ನುವ ಹೆಸರು ಹೋದೀತೆಂದು.

ಮಾತು ಅಲ್ಲಿಗೇ ನಿಲ್ಲಲಿಲ್ಲ. "ಗಂಡ ಇಲ್ದೋಳ ಕೈಲಿ ಪೂಜೆ ಮಾಡಿಸ್ತಾರೇನ್ರೀ ಯಾರಾದ್ರೂ?" ಎಂದು ಗುಮಾಸ್ತರೊಬ್ಬರು ಗೊಣಗಿದರು. ಮಾಡಿಸಿದವನು ಅಲ್ಲೇ ಕೂತಿದ್ದೆ. ನೀವು ನನ್ನ ಕಡೆ ನೋಡಿದಿರಿ, ಒಂದೇ ಸಲ. ನಾನು ಕೀಲಿಮಣೆಯ ಕಡೆ ತಿರುಗಿ ತೆರೆಯನ್ನು ಖಾಲಿ ಮಾಡಿದೆ. "ನಂದೇ ತಪ್ಪು ಸರ್, ನಾನ್ ಇಡ್ಬಾರ್ದಿತ್ತು" ಎಂದಿರಿ. ವಾರದೊಳಗೆ ನಿಮ್ಮನ್ನು ಕೆಲಸದಿಂದ ಬಿಡಿಸಿದರು. ನಿಮ್ಮ ಜಾಗಕ್ಕೆ ಬಂದ ಹುಡುಗಿಗೆ ನಾನೇ ಕೆಲಸ ಕಲಿಸಿದೆ.

ಹೋದ ತಿಂಗಳು ಗುಬ್ಬಿಯಲ್ಲಿ ನಿಮ್ಮ ಮಗಳ ಮನೆಯ ಗೃಹಪ್ರವೇಶ. ಹಳೇ ಪರಿಚಯ ಎಂದು ನನ್ನನ್ನೂ ಕರೆದಿದ್ದಿರಿ — ನೀವು ಕರೆದಿರಿ, ನಾನು ಬಂದೆ, ಎಂಥ ಮುಖ ನನ್ನದು! ಹೊಸಿಲು ಪೂಜೆಯ ಹೊತ್ತಿಗೆ ಮಗಳು "ಬಾರಮ್ಮ, ಮೊದ್ಲು ನೀನಿಡು ಕುಂಕುಮ" ಎಂದು ನಿಮ್ಮ ಕೈ ಹಿಡಿದಳು. ನೀವು ಬಿಡಿಸಿಕೊಂಡಿರಿ.

"ನನ್ ಕೈ ಬ್ಯಾಡ ಕಣವ್ವ. ಒಂದ್ಸಲ ಇಟ್ಟು ಅಷ್ಟೊಂದು ಜನದ ಕೆಲ್ಸ ಹಾಳ್ಮಾಡಿದೀನಿ. ಬೇಕಾದ್ರೆ ಶಿವಣ್ಣನ್ನ ಕೇಳು."

ಮಗಳು ನನ್ನನ್ನು ನೋಡಿದಳು. ಕಾರ್ಯದರ್ಶಿಗಳಿಲ್ಲ, ಆಫೀಸಿಲ್ಲ, ಕಳೆದುಕೊಳ್ಳುವುದಕ್ಕೆ ನನಗೆ ಏನೂ ಉಳಿದಿರಲಿಲ್ಲ. ಆದರೂ ನಾನು — ಹೌದೆಂದು ತಲೆಯಾಡಿಸಿದೆ.

ನೀವು ಹಿತ್ತಿಲಿಗೆ ಹೋದಿರಿ. ಪೂಜೆ ಮುಗಿಯುವ ತನಕ ಒಳಗೆ ಬರಲಿಲ್ಲ. ನಾನು ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಮೊದಲನೆಯದನ್ನು ಹೆದರಿಕೆಯಲ್ಲಿ ಮಾಡಿದೆ ಎಂದು ಇಷ್ಟು ವರ್ಷ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಎರಡನೆಯದಕ್ಕೆ ಹೇಳಿಕೊಳ್ಳಲು ಏನೂ ಇಲ್ಲ.

ಈ ಭಾನುವಾರ ಗುಬ್ಬಿಗೆ ಬರುತ್ತಿದ್ದೇನೆ. ಮಗಳು ಮನೆಯಲ್ಲಿರಲಿ, ಅವಳ ಎದುರಿಗೇ ಹೇಳಬೇಕು. ನನ್ನನ್ನು ಒಳಗೆ ಕರೆಯಬೇಡಿ. ಹೇಳಿ ಮುಗಿಸುವ ತನಕ ನಾನು ಹೊಸಿಲಿನ ಆಚೆಯೇ ನಿಂತಿರುತ್ತೇನೆ.