ಒಪೆರಾದೊಳಗೆ ನಾನು ಸೇರಿಸಿದ ಎರಡು ಸಾಲು

ಅಕ್ಷತಾ, ನೀನು ವೇದಿಕೆಯ ಮೇಲೆ ನಿಂತು ನಿನ್ನ ಅಪ್ಪನ ಕೊನೆಯ ಮಾತೆಂದು ಹಾಡುವ ಆ ಎರಡು ಸಾಲು ನಿನ್ನ ಅಪ್ಪನದಲ್ಲ. ಅವನ್ನು ಹುಟ್ಟಿಸಿದವನು ನಾನು. ನಿನ್ನ ಅಪ್ಪ ಕೊನೆಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ — ಹತ್ತೊಂಬತ್ತು ವರ್ಷಗಳಿಂದ ಗೊತ್ತಿಲ್ಲ, ಗೊತ್ತಿದೆ ಎಂದು ಹೇಳಿಕೊಂಡೇ ತಿರುಗಿದ್ದೇನೆ.

ಇದು ನಾಲ್ಕನೆಯ ಹಾಳೆ. ಮೊದಲ ಮೂರರಲ್ಲೂ ನಾನು ಬಲು ಒಳ್ಳೆಯ ಮನುಷ್ಯನಾಗಿ ಕಾಣುತ್ತಿದ್ದೆ, ಹರಿದು ಹಾಕಿದೆ. ಬೆಳಗಿನಿಂದ ಕೂಡುತ್ತೇನೆ, ಏಳುತ್ತೇನೆ, ಬಾಲ್ಕನಿಗೆ ಹೋಗಿ ಬರುತ್ತೇನೆ. ನಾಳೆ ಸಂಜೆ ಸಂಭಾಜಿನಗರದಲ್ಲಿ ನಿಮ್ಮ ಒಪೆರಾದ ಎರಡನೆಯ ಪ್ರಯೋಗ. ಅಷ್ಟರೊಳಗೆ ಹೇಳದಿದ್ದರೆ ಇನ್ನು ಹೇಳುವುದೇ ಇಲ್ಲ — ನನ್ನ ಹಣೆಬರಹ ನನಗೆ ಗೊತ್ತು.

ಆಗ ನಾನು ನಾಸಿಕ್‌ನ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಆಳಂದದ ಕಡೆಯಿಂದ ವರ್ಗವಾಗಿ ಬಂದವನು. ಕನ್ನಡದವನೆಂದು ಶಾಖೆಯಲ್ಲಿ ಎಲ್ಲರೂ ನನ್ನನ್ನು ‘ಕಾನಡಿ ಸಾಹೇಬ’ ಎನ್ನುತ್ತಿದ್ದರು. ಅವತ್ತು ಮಧ್ಯಾಹ್ನ, ನಿಮ್ಮೂರಿನಿಂದ — ಇಂದಿನ ಸಂಭಾಜಿನಗರ, ಅದಿನ್ನೂ ಔರಂಗಾಬಾದ್ ಆಗಿದ್ದ ಕಾಲ — ಬಂದ ಬಸ್ಸಿನಲ್ಲಿ ಬಾಂಬು ಸಿಡಿಯಿತು. ಸ್ವಲ್ಪ ಹೊತ್ತಿಗೆ ಆಸ್ಪತ್ರೆಯಿಂದ ಬ್ಯಾಂಕಿಗೆ ಫೋನು: ಗಾಯಗೊಂಡವನೊಬ್ಬ ಮರಾಠಿಯನ್ನೆಲ್ಲ ಮರೆತವನಂತೆ ಬರೀ ಕಾನಡಿ ಮಾತಾಡುತ್ತಿದ್ದಾನೆ, ನಿಮ್ಮ ಸಾಹೇಬರನ್ನು ಕಳಿಸಿ. ಮ್ಯಾನೇಜರ್ ತಮ್ಮ ಸ್ಕೂಟರಿನಲ್ಲೇ ನನ್ನನ್ನು ಬಿಟ್ಟುಬಂದರು. ನನ್ನನ್ನು ಕರೆಸಿದ್ದು ಒಂದೇ ಕೆಲಸಕ್ಕೆ — ಕೇಳಿಸಿಕೊಳ್ಳುವುದಕ್ಕೆ.

ನಿನ್ನ ಅಪ್ಪನನ್ನು ನಾನು ಕಂಡದ್ದು ಅಲ್ಲಿಯೇ, ಒಂದು ಗಂಟೆಯೂ ಇಲ್ಲ. ಹೆಸರು ರೇವಣಪ್ಪ, ಭಾಲ್ಕಿಯವರು, ಕಾರ್ಖಾನೆಯಲ್ಲಿ ಫಿಟ್ಟರ್. ನಾನು ಕನ್ನಡದಲ್ಲಿ ಮಾತಾಡಿಸಿದಾಗ ಕಣ್ಣು ತೆರೆದು, “ಯಾವೂರಿನವ್ರಿ?” ಎಂದರು. ಆಳಂದ ಎಂದೆ. “ಹಂಗಾರ ನಮ್ಮವರೇ ಅದೀರಿ,” ಎಂದರು. ನಿಮ್ಮ ಮನೆಯ ಮಾಲೀಕರ ಫೋನ್ ನಂಬರನ್ನು ಒಂದಂಕಿ ತಪ್ಪದೆ ಹೇಳಿದರು. ಆಮೇಲೆ ನರ್ಸ್ ಅವರ ಕಾಲಿನ ಡ್ರೆಸಿಂಗ್ ಬಿಚ್ಚತೊಡಗಿದಳು — ಆ ವಾಸನೆ, ಆ ಕಾಲು — ನನಗೆ ತಡೆಯಲಾಗಲಿಲ್ಲ. “ಈಗ ಬರ್ತೀನ್ರಿ,” ಎಂದು ಹೊರಬಿದ್ದೆ. ಅವರು ನನ್ನ ಕೈ ಹಿಡಿದಿದ್ದರು, ಬಿಡಿಸಿಕೊಂಡೆ.

ಕ್ಯಾಂಟೀನಿನಲ್ಲಿ ಚಹಾ ಕುಡಿದೆ. ಮೊದಲನೆಯ ಕಪ್ಪಿಗೆ ಕಾರಣ ಹೇಳಬಹುದು, ತಲೆ ಸುತ್ತುತ್ತಿತ್ತು. ಎರಡನೆಯದಕ್ಕೆ ಯಾವ ಕಾರಣವೂ ಇಲ್ಲ. ಒಳಗೆ ಹೋಗಬಾರದೆಂದೇ ಕುಡಿದೆ. ನರ್ಸ್ ಹುಡುಕಿಕೊಂಡು ಬಂದಳು. ಆಕೆಯ ಮರಾಠಿ ಇನ್ನೂ ಕಿವಿಯಲ್ಲಿದೆ. ಮೂರು ಸಲ ಅದೇ ಮಾತು ಹೇಳಿದರು, ನಿಮ್ಮ ಭಾಷೆಯಲ್ಲಿ, ಬಾಗಿಲ ಕಡೆ ನೋಡುತ್ತಾ ಹೇಳಿದರು, ನೀವೆಲ್ಲಿ ಹೋಗಿದ್ದಿರಿ ಎಂದಳು. ನಾನು ಓಡಿದೆ. ಮುಖದ ಮೇಲೆ ಬಟ್ಟೆ ಹೊದಿಸಿಯಾಗಿತ್ತು.

ಸಂಜೆಗೆ ನಿನ್ನ ಅಮ್ಮ ಬಂದರು. ನಾಲ್ಕು ವರ್ಷದ ನೀನು ಅವರ ಕಂಕುಳಲ್ಲಿ. ಅಳಲಿಲ್ಲ ಅವರು — ಅತ್ತಿದ್ದರೆ ಬಚಾವಾಗುತ್ತಿದ್ದೆನೇನೋ. ನನ್ನನ್ನೇ ನೋಡುತ್ತಾ, “ಅಣ್ಣಾವ್ರ, ನೀವು ಬಾಜೂಕ ಇದ್ರಿ ಅಂತಲ್ರಿ… ನನಗ ಏನರೆ ಹೇಳ್ಯಾರೇನ್ರಿ?” ಎಂದರು. ಇರಲಿಲ್ಲ, ಹೊರಗಿದ್ದೆ ಎನ್ನಬೇಕಿತ್ತು. ಅಷ್ಟೇ ಇತ್ತು ಹೇಳಬೇಕಾದ್ದು. ಬಾಯಿ ತೆರೆದೆ, ಬೇರೆಯೇ ಬಂತು —

“ಊರಿಗಿ ಹೋಗಬ್ಯಾಡ. ಹುಡುಗಿಗಿ ಇಲ್ಲೇ ಓದಸು.”

ಸಮಾಧಾನಕ್ಕೆ ಒಂದು ಸುಳ್ಳು ಎನ್ನುತ್ತೀಯಾ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಹದಿಮೂರನೆಯ ದಿನ ನಿನ್ನ ಸೋದರಮಾವ ಟೆಂಪೋ ಸಮೇತ ಬಂದಿದ್ದರು, ಅಕ್ಕನನ್ನೂ ನಿನ್ನನ್ನೂ ಭಾಲ್ಕಿಗೆ ಕರೆದೊಯ್ಯಲು. ವೈನಿ — ನಿನ್ನ ಅಮ್ಮನನ್ನು ನಾನು ಹಾಗೆಯೇ ಕರೆಯುವುದಲ್ಲವೇ — ಒಪ್ಪಲಿಲ್ಲ. ಗಂಡನ ಕೊನೆಯ ಮಾತು ಮೀರುವುದಿಲ್ಲ ಎಂದು ಹಟ ಹಿಡಿದರು. “ಸತ್ತವರ ಮಾತು ದೊಡ್ಡದೇನು, ಜೀವಂತ ಇದ್ದ ತಮ್ಮ ದೊಡ್ಡವನೇನು?” ಎಂದು ಕೂಗಾಡಿ ಆ ಮನುಷ್ಯ ಖಾಲಿ ಟೆಂಪೋ ತಿರುಗಿಸಿಕೊಂಡು ಹೋದರು. ಆ ದಿನದ ಕಾರ್ಯಕ್ಕೆಂದು ನಾಸಿಕ್‌ನಿಂದ ಬಂದಿದ್ದ ನಾನು ಅಲ್ಲಿಯೇ ಇದ್ದೆ, ಗೋಡೆಗೆ ಒರಗಿಕೊಂಡು. ಬಾಯಿಬಿಡಲಿಲ್ಲ. ತವರಿನ ಬಾಗಿಲು ಮುಚ್ಚಿತು. ಅಜ್ಜಿ ಸತ್ತ ಸುದ್ದಿ ನಿಮಗೆ ತಿಂಗಳ ಮೇಲೆ ತಿಳಿಯಿತಲ್ಲ, ಅದರ ಬೇರು ಇಲ್ಲಿದೆ. ನಿನ್ನ ಅಮ್ಮ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿದು, ಕನ್ನಡ ಮಾತಾಡುವ ಇನ್ನೊಂದು ಜೀವವಿಲ್ಲದ ಓಣಿಯಲ್ಲಿ ನಿನ್ನನ್ನು ಬೆಳೆಸಿದ್ದು ಗಂಡನ ಮಾತಿಗಾಗಿ ಅಲ್ಲ. ನನ್ನ ಮಾತಿಗಾಗಿ.

ಇಷ್ಟಾದರೂ ಸುಮ್ಮನಿದ್ದುಬಿಟ್ಟಿದ್ದರೆ ಅದು ಒಂದೇ ತಪ್ಪಾಗಿ ಉಳಿಯುತ್ತಿತ್ತು. ಎರಡು ವರ್ಷದ ಕೆಳಗೆ ನಿಮ್ಮ ನಿರ್ದೇಶಕಿ ಮೃಣಾಲ್ ನನ್ನನ್ನು ಹುಡುಕಿಕೊಂಡು ಬಂದಳು. ಆ ಸ್ಫೋಟದ ಮೇಲೆ ಒಪೆರಾ ಕಟ್ಟುತ್ತಿದ್ದೇನೆ ಕಾಕಾ ಎಂದಳು. ನಾಟಕದ ನಡುನಡುವೆ ಹಾಡಲ್ಲವಂತೆ, ಇಡೀ ನಾಟಕವೇ ಹಾಡು — ಕಂಡಕ್ಟರ್ ಟಿಕೆಟ್ ಕೇಳುವುದೂ ಹಾಡು, ಪೊಲೀಸರ ಪಂಚನಾಮೆಯೂ ಹಾಡು. ಬದುಕುಳಿದವರ, ನೋಡಿದವರ ಬಾಯಿಂದ ಬಂದದ್ದಷ್ಟೇ ಇರುತ್ತದೆ, ಕಟ್ಟಿದ ಒಂದು ಶಬ್ದವೂ ಇರುವುದಿಲ್ಲ ಎಂದು ಹಿಂದಿಯಲ್ಲಿ ಹೆಮ್ಮೆಯಿಂದ ಹೇಳಿ, ರೆಕಾರ್ಡರ್ ಮೇಜಿನ ಮೇಲಿಟ್ಟಳು. ಎದುರಿಗೆ ಯಾವ ವಿಧವೆಯೂ ನಿಂತಿರಲಿಲ್ಲ, ಯಾವ ಮಗುವೂ ಇರಲಿಲ್ಲ. ನನಗೆ ಯೋಚಿಸಲು ಬೇಕಾದಷ್ಟು ಹೊತ್ತಿತ್ತು. ಆದರೂ ಅದೇ ಎರಡು ಸಾಲು ಹೇಳಿದೆ. ಅವಳ ಕಣ್ಣು ತುಂಬಿದಾಗ ನನಗೆ — ಬರೆಯಲು ನಾಚಿಕೆಯಾಗುತ್ತದೆ — ಖುಷಿಯಾಯಿತು.

ಆ ಸಾಲುಗಳನ್ನು ಅವಳು ಕನ್ನಡದಲ್ಲೇ ಉಳಿಸಿದಳು, ಹಾಡಲು ನಿನ್ನನ್ನೇ ಹುಡುಕಿದಳು. ನಿನಗೆ ಕನ್ನಡ ತಿಳಿಯುತ್ತದೆ, ನಾಲಿಗೆಗೆ ಬರುವುದಿಲ್ಲ. ತಿದ್ದುವ ಕೆಲಸ ನನಗೇ ಬಂತು. ವಾರಗಟ್ಟಲೆ ಫೋನಿನಲ್ಲಿ ನಿನಗೆ ಪಾಠ ಹೇಳಿದೆ. ನೀನು ಟಿವಿಯವರ ಹಾಗೆ ‘ಬೇಡ’ ಎಂದರೆ, “ಹಂಗಲ್ಲವ್ವ, ‘ಬ್ಯಾಡ’. ನಿಮ್ಮಪ್ಪ ಹಿಂಗೇ ಎಳೀತಿದ್ದ,” ಎಂದೆ. ಆ ಮನುಷ್ಯ ನನ್ನೊಡನೆ ಆಡಿದ್ದು ಎರಡು ಮಾತು, ಒಂದು ಫೋನ್ ನಂಬರು. “ಅಪ್ಪಾ ಅಸಂಚ್ ಬೋಲಾಯಚೇ ಕಾ, ಕಾಕಾ?” — ಅಪ್ಪ ಹೀಗೆಯೇ ಮಾತಾಡುತ್ತಿದ್ದರಾ — ಎಂದು ನೀನು ಅದೆಷ್ಟು ಆಸೆಯಿಂದ ಕೇಳಿದೆ. ಹೌದು ಎಂದೆ.

ಕಳೆದ ತಿಂಗಳು ನಾಸಿಕ್‌ನಲ್ಲಿ ಮೊದಲ ಪ್ರಯೋಗ. ಬಸ್ಸಿನ ಪ್ರಯಾಣಿಕರೆಲ್ಲ ಹಾಡು ನಿಲ್ಲಿಸಿದರು, ನೀನು ಒಬ್ಬಳೇ ಮುಂದೆ ಬಂದು ಆ ಎರಡು ಸಾಲು ಎತ್ತಿಕೊಂಡೆ. ಮುಗಿದ ಮೇಲೆ ವೈನಿ ನನ್ನ ಎರಡೂ ಕೈ ಹಿಡಿದುಕೊಂಡು, “ನೀವು ಇರಲಿಲ್ಲಂದ್ರ ಅವರ ಮಾತು ನನಗ ಮುಟ್ತಿರಲಿಲ್ಲರಿ ಅಣ್ಣಾವ್ರ,” ಎಂದರು. ಪಕ್ಕದಲ್ಲೇ ನನ್ನ ಹೆಂಡತಿ ಶಾಂತಾ ಇದ್ದಳು. ಮನೆಯ ಬೀಗ ತೆಗೆಯುತ್ತಾ ಹೇಳಿದಳು:

“ಅದು ನೀವು ನನಗ ಅಂದ ಮಾತಲ್ಲೇನ್ರಿ? ಬಾಂಬ್ ಸಿಡಿದ ದಿನ ಮುಂಜಾನಿ, ನಾ ಊರಿಗಿ ವರ್ಗ ಮಾಡಿಸ್ಕೋರಿ ಅಂತ ಜಗಳ ತಗದಾಗ? ‘ಮಕ್ಕಳಿಗಿ’ ಅಂದಿದ್ರಿ. ಈಗ ‘ಹುಡುಗಿಗಿ’ ಆಗ್ಯಾದ, ಅಷ್ಟೇ.”

ನನಗೆ ಅದು ನೆನಪೇ ಇರಲಿಲ್ಲ, ಅಕ್ಷತಾ. ನಿಜವಾಗಿಯೂ — ಇಲ್ಲ, ಇದನ್ನೂ ನಂಬಬೇಡ, ಎಲ್ಲೋ ಗೊತ್ತಿದ್ದಿರಬೇಕು. ಬೆಳಗ್ಗೆ ಹೆಂಡತಿಯ ಮೇಲೆ ರೇಗಿದ ಮಾತನ್ನು ಸಂಜೆ ಸತ್ತವರ ಬಾಯಿಗೆ ತುರುಕಿ, ಅವರ ಹೆಂಡತಿಗೆ ಕೊಟ್ಟೆ. ಶಾಂತಾ ಜಗಳವಾಡಿ ಮೂರೇ ವರ್ಷದಲ್ಲಿ ಮಕ್ಕಳನ್ನು ಕರೆದುಕೊಂಡು ಆಳಂದಕ್ಕೆ ಹೋಗಿ, ಅವರು ಕಾಲೇಜು ಸೇರುವವರೆಗೆ ಅಲ್ಲೇ ಇದ್ದಳು. ಅವಳಿಗೆ ನನ್ನ ಮಾತು ಮೀರಲು ಬರುತ್ತಿತ್ತು, ಯಾಕೆಂದರೆ ನಾನು ಬದುಕಿದ್ದೆ. ನಿನ್ನ ಅಮ್ಮನಿಗೆ ಆ ದಾರಿಯೂ ಇರಲಿಲ್ಲ.

ಆ ನರ್ಸನ್ನು ಈ ತಿಂಗಳು ಹುಡುಕಿದೆ. ನಿವೃತ್ತಳಾಗಿ ಚಾಂದವಡ್‌ನಲ್ಲಿ ಮಗಳ ಮನೆಯಲ್ಲಿದ್ದಾಳೆ. ಆ ಶಬ್ದ ಹೇಗಿತ್ತು, ಒಂದಕ್ಷರವಾದರೂ — ಎಂದು ಬೇಡಿಕೊಂಡೆ. ಪಾಪ, ಕಣ್ಣುಮುಚ್ಚಿ ಬಹಳ ಹೊತ್ತು ನೆನೆದಳು. ನೆನಪಾಗುತ್ತಿಲ್ಲ ಎಂದಳು.

ಮರಾಠಿಯಲ್ಲಿ ಬರೆದಿದ್ದರೆ ಇದರ ಫೋಟೋ ನಿನ್ನ ಫೋನಿಗೆ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು, ನೀನೇ ಓದಿಕೊಳ್ಳುತ್ತಿದ್ದೆ. ನಿನಗೆ ಕನ್ನಡ ಓದಲು ಬರುವುದಿಲ್ಲವೆಂದು ಗೊತ್ತಿದ್ದೇ ಕನ್ನಡದಲ್ಲಿ ಬರೆದಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿನ್ನನ್ನೂ ವೈನಿಯನ್ನೂ ಕೂರಿಸಿಕೊಂಡು ಪ್ರತಿ ಅಕ್ಷರವನ್ನೂ ನಾನೇ ಓದಿ ಹೇಳುತ್ತೇನೆ, ನಡುವೆ ಎದ್ದು ಹೊರಗೆ ಹೋಗುವುದಿಲ್ಲ. ಅಲ್ಲಿಂದ ಭಾಲ್ಕಿಗೆ ಹೋಗಿ ನಿನ್ನ ಮಾವನಿಗೂ ಹೇಳುತ್ತೇನೆ. ಸಂಜೆ ನೀನು ಹಾಡುತ್ತೀಯೋ, ಆ ಜಾಗದಲ್ಲಿ ಸುಮ್ಮನೆ ನಿಲ್ಲುತ್ತೀಯೋ, ನನ್ನನ್ನು ಕೇಳಬೇಡ. ನಿನ್ನ ಅಪ್ಪ ಏನು ಹೇಳಬೇಕಿತ್ತು ಎಂದು ಇನ್ನು ನಾನು ಹೇಳುವುದಿಲ್ಲ.